ಮಲ್ಲಯ್ಯ ಮಾಮ ಚೆಲ್ಲದ ಬಣ್ಣ

ನಾನು ನೀರು ಹಾಕಿ ಕೊಂದವಳು.

ನಮ್ಮ ಸೀಮೆಯಲ್ಲಿ ಈ ಮಾತು ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಒಂದು ಕೊಡ ನೀರಿಗೆ ಜಗಳವಾಡುತ್ತಿದ್ದ ಓಣಿಯಲ್ಲಿ ಬೆಳೆದವಳು ನಾನು. ನೀರು ಹಾಕದೆ ಗಿಡ ಒಣಗಿಸಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ನಾನು ಕೊಂದದ್ದು ನೀರು ಹಾಕಿಯೇ — ದಿನಾ ಬೆಳಿಗ್ಗೆ ಒಂದು ಚೆಂಬು, ತಪ್ಪದೆ, ಇಪ್ಪತ್ತು ದಿನ. ಕೊಂದದ್ದು ನನ್ನ ಅತ್ತಿಗೆ ಪಾರ್ವತಮ್ಮನ ಹೂವಿನ ಗಡ್ಡೆಯನ್ನು. ಅಷ್ಟಕ್ಕೇ ನಿಂತಿದ್ದರೆ ಇದನ್ನು ಬರೆಯಲು ಕೂರುತ್ತಿರಲಿಲ್ಲ. ಆ ತಪ್ಪನ್ನು ಮುಚ್ಚಲು ಒಂದು ಸುಳ್ಳು ಹೇಳಿದೆ. ಆ ಸುಳ್ಳು ನಮ್ಮ ಮನೆಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ ಮಲ್ಲಯ್ಯ ಮಾಮನ ಕೆಲಸವನ್ನೂ ಹೆಸರನ್ನೂ ತಿಂದುಹಾಕಿತು. ಇಪ್ಪತ್ತಾರು ವರ್ಷದಿಂದ ಇದು ನನಗೊಬ್ಬಳಿಗೇ ಗೊತ್ತು. ಅಲ್ಲ, ಇಬ್ಬರಿಗೆ ಗೊತ್ತಿತ್ತು — ಆ ಎರಡನೆಯವರ ಮಾತು ಮುಂದೆ ಬರುತ್ತದೆ.

ಮೊದಲು ಆ ಗಡ್ಡೆಯ ವಿಷಯ ಹೇಳಿಬಿಡುತ್ತೇನೆ.

ನಮ್ಮದು ರಾಯಚೂರಿನಾಚೆ, ತೆಲುಗು ಸೀಮೆಯ ನಾರಾಯಣಪೇಟೆಯ ನೇಕಾರರ ಮನೆ; ಮನೆಯ ಮಾತು ಮಾತ್ರ ಕನ್ನಡ. ಮುಂದಿನ ಪಡಸಾಲೆಯಲ್ಲಿ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಎರಡು ಕುಣಿ ಮಗ್ಗ, ಹಿಂದೆ ಬಣ್ಣದ ಕೋಣೆ. ನನ್ನ ಅಣ್ಣನಿಗೆ ಗದ್ವಾಲದಿಂದ ಹೆಣ್ಣು ತಂದರು. ಅತ್ತಿಗೆ ಬಂದು ವರ್ಷ ತುಂಬುವುದರೊಳಗೆ ಅವಳ ತಾಯಿ ತೀರಿಕೊಂಡರು, ಸಂಕ್ರಾಂತಿಯ ಮಾರನೆಯ ದಿನ. ಗಂಡುಮಕ್ಕಳಿಲ್ಲದ ಮನೆ, ಅದನ್ನು ಮಾರಿ ಹಂಚಿಕೊಂಡರು. ಅವಳ ಅಕ್ಕ ತಾಯಿಯ ಮಗ್ಗ ತೆಗೆದುಕೊಂಡಳು. ನಮ್ಮ ಅತ್ತಿಗೆ ಹಳೆಯ ಸೀರೆಯ ತುಂಡೊಂದರಲ್ಲಿ ಸುತ್ತಿಕೊಂಡು ಬಂದದ್ದು ಮುಷ್ಟಿ ಗಾತ್ರದ ಒಂದು ಗಡ್ಡೆ. ನಾನು ಈರುಳ್ಳಿ ಅಂದುಕೊಂಡು ಒಲೆಯ ಹತ್ತಿರ ಇಡಹೋಗಿದ್ದೆ.

ಆ ಹೂವಿಗೆ ನಮ್ಮಲ್ಲಿ ಹೆಸರಿರಲಿಲ್ಲ, ಗಡ್ಡೆ ಹೂವು ಎನ್ನುತ್ತಿದ್ದೆವು. ಈಗ ನರ್ಸರಿಯವರು ಅಮರಿಲ್ಲಿಸ್ ಎನ್ನುತ್ತಾರೆ. ನೆಟ್ಟಗೆ ಒಂದು ದಂಟು, ಅದರ ತುದಿಗೆ ಅಂಗೈಯಷ್ಟು ದೊಡ್ಡ ನಾಲ್ಕು ಹೂವು. ಬೆಳ್ಳಗೆ, ಅಂಚಿಗೆ ಮಾತ್ರ ತೆಳುವಾದ ಗುಲಾಬಿ ಗೆರೆ. ಅತ್ತಿಗೆಯ ತಾಯಿ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಊರಿಗೆಲ್ಲ ಬಣ್ಣದ ಸೀರೆ ನೇಯ್ದು ತಾವು ತೆಳ್ಳನೆ ಅಂಚಿನ ಬಿಳಿ ಸೀರೆ ಉಟ್ಟೇ ಬದುಕಿದರು. ಅದಕ್ಕೇ ಅತ್ತಿಗೆ ಆ ಹೂವನ್ನು ‘ಅವ್ವನ ಸೀರಿ’ ಎನ್ನುತ್ತಿದ್ದಳು. ಪ್ರತಿ ಸಂಕ್ರಾಂತಿಯ ಮಾರನೆಯ ದಿನ, ತಾಯಿಯ ತಿಥಿಗೆ, ಫೋಟೋದ ಮುಂದೆ ಅದೇ ಹೂವು ನಿಲ್ಲಬೇಕು. ಬೇರೆ ಹೂವು ಏರಿಸುತ್ತಿರಲಿಲ್ಲ.

ಅಂಗಳದಲ್ಲಿ ತನ್ನ ಪಾಡಿಗೆ ಬಿಟ್ಟರೆ ಅದು ಬೇಸಿಗೆಯಲ್ಲಿ ಅರಳುವ ಹೂವು. ಅದನ್ನು ಚಳಿಗಾಲದಲ್ಲಿ, ಅದೂ ಮನೆಯೊಳಗೆ, ಹೇಳಿದ ದಿನಕ್ಕೆ ಅರಳಿಸುವ ವಿದ್ಯೆ ಅತ್ತಿಗೆಗೆ ಅವಳ ತಾಯಿ ಕಲಿಸಿದ್ದು. ದಸರೆಗೆ ನೀರು ನಿಲ್ಲಿಸಬೇಕು. ಎಲೆ ಹಳದಿಯಾಗಿ ತಾನೇ ಒಣಗಬೇಕು. ಆಮೇಲೆ ಗಡ್ಡೆಯನ್ನು ಗಡಿಗೆಯ ಸಮೇತ ಕತ್ತಲೆಯಲ್ಲಿ ಅಡ್ಡ ಮಲಗಿಸಬೇಕು; ಅತ್ತಿಗೆ ಮಗ್ಗದ ಕುಣಿಯ ಪಕ್ಕದ ಮೂಲೆಯಲ್ಲಿ ಮಲಗಿಸುತ್ತಿದ್ದಳು. ಒಂದು ಹನಿ ನೀರು ಕೂಡದು. ಕಾರ್ತಿಕ ಕಳೆಯುವ ಹೊತ್ತಿಗೆ ನೆತ್ತಿಯಲ್ಲಿ ಹಸಿರು ಚುಕ್ಕೆ ಕಂಡರೆ ಎದ್ದಿತು ಎಂದು ಲೆಕ್ಕ. ಆಗ ಬಣ್ಣದ ಕೋಣೆಯ ಕಿಟಕಿಗೆ ತಂದು, ಗಡಿಗೆಯ ಅಂಚಿನಗುಂಟ ಒಂದು ಬಟ್ಟಲು ಉಗುರುಬೆಚ್ಚಗಿನ ನೀರು. ಹಂಡೆಗಳು ದಿನವೆಲ್ಲ ಕುದಿಯುವ ಕೋಣೆಯಾದ್ದರಿಂದ ಊರೆಲ್ಲ ಚಳಿಗೆ ಮುದುಡಿದ್ದಾಗಲೂ ಅಲ್ಲಿ ಬೆಚ್ಚಗಿರುತ್ತಿತ್ತು. ದಂಟು ಕಿಟಕಿಯ ಕಡೆ ಬಾಗಬಾರದೆಂದು ಎರಡು ದಿನಕ್ಕೊಮ್ಮೆ ಗಡಿಗೆ ತಿರುಗಿಸಬೇಕು. ಅತ್ತಿಗೆ ಮರೆತರೆ ಮಲ್ಲಯ್ಯ ಮಾಮ ತಿರುಗಿಸುತ್ತಿದ್ದ.

ಮಲ್ಲಯ್ಯ ಮಾಮ ನಮಗೆ ನೆಂಟನಲ್ಲ. ಅಪ್ಪನ ಜೊತೆ ಮೂವತ್ತು ವರ್ಷ ಬಣ್ಣ ಹಾಕಿದವನು. ನಾವು ಮಕ್ಕಳು ಮಾಮ ಎನ್ನುತ್ತಿದ್ದೆವು, ಅತ್ತಿಗೆಯೂ ಹಾಗೆಯೇ ಕರೆದಳು. ಅವನ ಮೊಣಕೈವರೆಗಿನ ಚರ್ಮ ಯಾವ ಬಣ್ಣದ್ದು ಎಂದು ನಾನು ಯಾವತ್ತೂ ನೋಡಲಿಲ್ಲ — ಇವತ್ತು ನೀಲಿ, ನಾಳೆ ಹಸಿರು. ಆದರೆ ಅವನು ಕೆಲಸ ಮಾಡಿದ ನೆಲ ಮಾತ್ರ ಸದಾ ಶುಭ್ರ. ಕುದಿಯುವ ಹಂಡೆಯಿಂದ ನೂಲಿನ ಲಡಿಯನ್ನು ಕೋಲಿಗೆ ಹಾಕಿ ಎತ್ತಿ, ಹಿಂಡಿ, ಹಿತ್ತಲಿನ ಗಳಕ್ಕೆ ಒಯ್ಯುವವರೆಗೆ ಒಂದು ಹನಿ ಕೆಳಗೆ ಬೀಳುತ್ತಿರಲಿಲ್ಲ. ನೆಲಕ್ಕೆ ಬಿದ್ದ ಬಣ್ಣ ಯಾರ ಸೀರೆಗೂ ಹತ್ತುವುದಿಲ್ಲ ಎಂಬುದು ಅವನ ವಾದ. ಇನ್ನೊಂದು ಮಾತೂ ಪೇಟೆಯಲ್ಲಿ ಓಡಾಡುತ್ತಿತ್ತು: ಮಲ್ಲಯ್ಯನ ಬಣ್ಣ ಒಗೆದರೂ ಬಿಡುವುದಿಲ್ಲ. ಆ ಒಳ್ಳೆಯ ಮಾತೇ ಅವನಿಗೆ ಮುಳುವಾಗುತ್ತದೆಂದು ಯಾರು ಎಣಿಸಿದ್ದರು?

ನನಗೆ ಆಗ ಇಪ್ಪತ್ತೆರಡು. ಆ ದಸರೆಯ ಮುಂದೆ ಗುಂಡುಮಾಲ್ ಕಡೆಯಿಂದ ನನ್ನನ್ನು ನೋಡಲು ಬಂದಿದ್ದರು. ಹುಡುಗ ನನಗೆ ಒಪ್ಪಿಗೆಯಾಗಿದ್ದ — ಇದನ್ನೂ ಮೊದಲ ಸಲ ಬಾಯಿಬಿಟ್ಟು ಹೇಳುತ್ತಿದ್ದೇನೆ. ಹುಡುಗನ ಸೋದರತ್ತೆ ಅಡುಗೆಮನೆಗೆ ಬಂದು ಹುಡುಗಿ ಹೇಗೆ ಎಂದು ಅತ್ತಿಗೆಯನ್ನು ಕೇಳಿದರು. ತುಂಬು ಬಸುರಿ ಅತ್ತಿಗೆ ನಗುತ್ತಲೇ ಹೇಳಿದಳು:

“ಕೆಲಸಕ್ಕ ಭಾಳ ಚುರುಕು ಅದಾಳ್ರಿ. ಸಿಟ್ಟು ಮಾತ್ರ ಮೂಗಿನ ತುದೀಗೆ ಐತಿ.”

ಹೋದವರು ಹೋದರು. ದೀಪಾವಳಿ ಬಂದರೂ ಹೂಂ ಇಲ್ಲ, ಉಹೂಂ ಇಲ್ಲ. ಆ ಒಂದು ಮಾತಿನಿಂದಲೇ ನನ್ನ ಮದುವೆ ಮುರಿಯಿತೆಂದು ನಾನು ತೀರ್ಮಾನಿಸಿಬಿಟ್ಟೆ. ಆ ಮನೆಯವರು ನಮ್ಮಲ್ಲಿಗೆ ಬರುವ ಮೊದಲೇ ಬೇರೆ ಕಡೆ ಮಾತು ಕೊಟ್ಟಿದ್ದರು ಎಂದು ಗೊತ್ತಾಗಿದ್ದು ನಾಲ್ಕು ವರ್ಷದ ನಂತರ. ಆಗ ಗೊತ್ತಿದ್ದರೆ — ಇಲ್ಲ, ಈ ‘ಗೊತ್ತಿದ್ದರೆ’ಯನ್ನು ಇಲ್ಲಿಗೇ ಬಿಡುತ್ತೇನೆ. ಅತ್ತಿಗೆ ಹೇಳಿದ್ದು ನಿಜ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಮುಂದೆ ನಾನು ಮಾಡಿದ್ದೇ ಅದಕ್ಕೆ ಸಾಕ್ಷಿ.

ದೀಪಾವಳಿಯಾದ ಎರಡನೆಯ ದಿನ ಅತ್ತಿಗೆ ಹೆರಿಗೆಗೆಂದು ಗದ್ವಾಲಕ್ಕೆ, ಅಕ್ಕನ ಮನೆಗೆ ಹೊರಟಳು. ಬಸ್ಸಿಗೆ ಹೊತ್ತಾಗುತ್ತಿದ್ದರೂ ನನ್ನ ಕೈ ಹಿಡಿದು ಮಗ್ಗದ ಮೂಲೆಗೆ ಕರೆದುಕೊಂಡು ಹೋದಳು. ಬಗ್ಗಲು ಆಗುತ್ತಿರಲಿಲ್ಲ, ಬೆರಳಿನಿಂದಲೇ ತೋರಿಸಿದಳು.

“ಗಡ್ಡಿ ಮಲಗೈತಿ, ಸುವರ್ಣಾ. ಎಬ್ಬಿಸಾಕ ಹೋಗಬ್ಯಾಡ. ತಾನ ಕಣ್ಣು ಬಿಡೋತನಕ ಒಂದು ಹನಿ ನೀರು ಹಾಕಬ್ಯಾಡ. ನೀರು ಬಿದ್ರ ಕೊಳೀತೈತಿ. ಅವ್ವನ ತಿಥಿಗೆ ನಾ ಕೂಸಿನ್ನ ಎತ್ಕೊಂಡು ಬಂದೇ ಬರ್ತೀನಿ.”

ಹೇಗೆ ಕೊಲ್ಲಬೇಕೆಂದು ಅವಳೇ ನನಗೆ ಹೇಳಿಕೊಟ್ಟಂತಾಯಿತು, ಪಾಪ.

ಮಾರನೆಯ ಬೆಳಿಗ್ಗೆ ಅಡ್ಡ ಮಲಗಿದ್ದ ಗಡಿಗೆಯನ್ನು ನೆಟ್ಟಗೆ ನಿಲ್ಲಿಸಿ ಮೊದಲ ಚೆಂಬು ಹಾಕಿದೆ. ಕೈ ನಡುಗಲಿಲ್ಲ. ಯಾರಾದರೂ ನೋಡಿದ್ದರೂ ಏನಂದಾರು? ನಾದಿನಿ ಅತ್ತಿಗೆಯ ಗಿಡಕ್ಕೆ ನೀರು ಹಾಕುತ್ತಿದ್ದಾಳೆ, ಎಷ್ಟು ಒಳ್ಳೆಯ ಹುಡುಗಿ ಎನ್ನುತ್ತಿದ್ದರು. ಅವ್ವ ಒಂದು ದಿನ ನೋಡಿ ಹಾಗೆಯೇ ಅಂದಳು ಕೂಡ. ನನ್ನ ಸಿಟ್ಟು ಬೈಗುಳವಾಗಿ ಹೊರಬಂದಿದ್ದರೆ, ಪಾತ್ರೆ ಎತ್ತಿ ಕುಕ್ಕಿದ್ದರೆ, ಒಂದು ದಿನದಲ್ಲಿ ಇಳಿದುಹೋಗುತ್ತಿತ್ತು. ಚೆಂಬು ಚೆಂಬಾಗಿ ಹಾಕುವ ಸಿಟ್ಟು ಇಳಿಯುವುದಿಲ್ಲ. ಗಡ್ಡೆ ನೀರು ಕುಡಿದು ಉಬ್ಬಿದಂತೆ ಅದೂ ಉಬ್ಬುತ್ತಾ ಹೋಯಿತು.

ಗದ್ವಾಲದಿಂದ ಸುದ್ದಿ ಬಂತು: ಹೆಣ್ಣು ಕೂಸು, ತಾಯಿ ಮಗು ಆರಾಮ. ಮನೆಯಲ್ಲಿ ಸಕ್ಕರೆ ಹಂಚಿದರು. ನಾನೂ ತಿಂದೆ. ಆ ದಿನವೂ ನೀರು ಹಾಕಿದೆ.

ಇಪ್ಪತ್ತನೆಯ ದಿನ ಮೂಲೆಯಿಂದ ವಾಸನೆ ಬಂತು. ಗಡಿಗೆ ಎತ್ತಿ ಗಡ್ಡೆಯನ್ನು ಮುಟ್ಟಿದರೆ ಬೆರಳು ಒಳಗೆ ಹೋಯಿತು. ಕೊಳೆತ ಈರುಳ್ಳಿಯ ಹಾಗೆ ಪದರ ಪದರ ಜಾರಿ ಕೈಗೆ ಬಂತು. ನನಗೆ ಬೇಕಾಗಿದ್ದು ಅದೇ ಅಲ್ಲವೇ? ಆದರೆ ಆ ಲೋಳೆ ಕೈಗೆ ಹತ್ತಿದ ಕ್ಷಣ ಸಿಟ್ಟೆಲ್ಲ ಎಲ್ಲಿ ಹೋಯಿತೋ — ಅತ್ತಿಗೆ ತನ್ನ ತಾಯಿಯ ಮನೆಯಿಂದ ತಂದ ಒಂದೇ ಒಂದು ಜೀವ ಇದು ಎಂದು ಆಗ ಹೊಳೆಯಿತು. ಹಿತ್ತಲಲ್ಲಿ ಹೂತು, ಕೈಯನ್ನು ಬೂದಿಯಿಂದ ಉಜ್ಜಿ ಉಜ್ಜಿ ತೊಳೆದೆ. ಅತ್ತಿಗೆಗೆ ಕಾಗದ ಬರೆದು ಹೇಳಿಬಿಡಬಹುದಿತ್ತು. ಅವಳು ಅಳುತ್ತಿದ್ದಳು, ಬೈಯುತ್ತಿದ್ದಳು, ಒಂದು ವರ್ಷ ಮಾತು ಬಿಡುತ್ತಿದ್ದಳೇನೋ. ಅಷ್ಟರಲ್ಲಿ ಮುಗಿಯುತ್ತಿತ್ತು.

ನಾನು ಹಾಗೆ ಮಾಡಲಿಲ್ಲ. ರಾಯಚೂರಿಗೆ ಸೋದರಮಾವನ ಮನೆಗೆ ಹೋಗುವ ನೆಪ ಮಾಡಿದೆ. ಅವರ ಮನೆಯಲ್ಲಿದ್ದುಕೊಂಡೇ ನಾನು ಹತ್ತನೆಯ ತರಗತಿವರೆಗೆ ಕನ್ನಡ ಶಾಲೆ ಓದಿದ್ದು, ಊರು ಗೊತ್ತಿತ್ತು. ಬಜಾರಿನಲ್ಲಿ ಗಿಡ ಮಾರುವ ತಳ್ಳುಗಾಡಿಯ ಮುದುಕನ ಹತ್ತಿರ ಅಂಥದೇ ಗಡ್ಡೆ ಸಿಕ್ಕಿತು, ನೆತ್ತಿಯಲ್ಲಿ ಹಸಿರು ಚುಕ್ಕೆಯೂ ಇತ್ತು. ಬಿಳಿ ಹೂವಿನದೇ ತಾನೇ ಎಂದು ಮೂರು ಸಲ ಕೇಳಿದೆ. “ಸಫೇದ್ ಹೀ ಹೈ ಅಮ್ಮಾ, ಪಕ್ಕಾ,” ಎಂದ. ತಂದು ಅದೇ ಗಡಿಗೆಯಲ್ಲಿ, ಅಷ್ಟೇ ಕುತ್ತಿಗೆ ಹೊರಗೆ ಕಾಣುವಂತೆ ನೆಟ್ಟೆ. ಬಣ್ಣದ ಕೋಣೆಯ ಕಿಟಕಿಗಿಟ್ಟೆ. ಈಗ ನೋಡಬೇಕಿತ್ತು ನನ್ನ ಆರೈಕೆ! ಬಟ್ಟಲಿನಿಂದ ಅಳೆದು ನೀರು ಹಾಕಿದೆ, ಎರಡು ದಿನಕ್ಕೊಮ್ಮೆ ತಿರುಗಿಸಿದೆ. ದಂಟು ಎದ್ದಿತು, ನೆಟ್ಟಗೆ ಬೆಳೆಯಿತು. ಮಲ್ಲಯ್ಯ ಮಾಮ ನೋಡಿ, “ಸಣ್ಣವ್ವನ ಕೈಗುಣ ಚಲೋ ಐತಿ,” ಎಂದ.

ಭೋಗಿಯ ಹಿಂದಿನ ದಿನ ಮೊಗ್ಗು ಬಿರಿಯಿತು. ಸಂದಿಯಲ್ಲಿ ಕಂಡದ್ದು ಕೆಂಪು. ಗುಲಾಬಿ ಗೆರೆಯಲ್ಲ, ಅಚ್ಚ ಕುಂಕುಮದ ಕೆಂಪು.

ಸಂಕ್ರಾಂತಿಯ ಬೆಳಿಗ್ಗೆ ನಾಲ್ಕೂ ಹೂವು ಪೂರ್ತಿ ಅರಳಿ ನಿಂತಿದ್ದವು. ದಂಟು ಮುರಿದು ತಪ್ಪನ್ನು ಬೆಕ್ಕಿನ ಮೇಲೆ ಹಾಕಲೇ ಎಂದು ಎರಡು ಸಲ ಕೈ ಮುಂದೆ ಮಾಡಿದೆ. ಅಷ್ಟರಲ್ಲಿ ಬಾಗಿಲಲ್ಲಿ ಅಣ್ಣನ ದನಿ ಕೇಳಿತು. ಗದ್ವಾಲಕ್ಕೆ ಹೋಗಿ ಅತ್ತಿಗೆಯನ್ನು ಕರೆತಂದಿದ್ದ. ಅವ್ವ ಕೂಸಿಗೆ ಆರತಿ ಎತ್ತುವಷ್ಟು ಹೊತ್ತು ಮಾತ್ರ ಅತ್ತಿಗೆ ಹೊಸ್ತಿಲಲ್ಲಿ ನಿಂತಳು. ಕೂಸನ್ನು ಅವ್ವನ ಕೈಗೆ ಕೊಟ್ಟು, ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ಸೀದಾ ಬಣ್ಣದ ಕೋಣೆಗೆ ಬಂದಳು.

ಮದುವೆ ಸೀರೆಗಳ ಕಾಲ ಅದು. ಹಬ್ಬದ ದಿನವೂ ಅಪ್ಪ ಒಂದು ಹಂಡೆ ಕೆಂಪು ಹಾಕಿಸಿದ್ದರು. ಕೋಣೆಯ ತುಂಬ ಹಬೆ. ಮಲ್ಲಯ್ಯ ಮಾಮ ಹಿತ್ತಲಲ್ಲಿ ಲಡಿ ಹಿಂಡುತ್ತಿದ್ದ. ಅತ್ತಿಗೆ ಕಿಟಕಿಯ ಮುಂದೆ ನಿಂತು ಒಂದು ಎಸಳನ್ನು ಬೆರಳಿನಿಂದ ಮುಟ್ಟಿದಳು.

“ಇದೇನು ಸುವರ್ಣಾ, ಕೆಂಪು ಬಂದೈತಿ?”

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಮಗುವೊಂದು ಕೇಳಿದ ಹಾಗಿತ್ತು. ನನ್ನ ಕಣ್ಣು ಕುದಿಯುವ ಹಂಡೆಯ ಮೇಲೆ ಹೋಯಿತು. ಕೆಂಪು. ಬಾಯಿ ತಾನೇ ತೆರೆಯಿತು ಎಂದು ಬರೆಯಬಹುದು, ಆದರೆ ಅದು ಸುಳ್ಳಾದೀತು. ಯೋಚಿಸಿ, ಸರಿಯಾಗಿ ಯೋಚಿಸಿಯೇ ಹೇಳಿದೆ:

“ಮಲ್ಲಯ್ಯ ಮಾಮ ಬಣ್ಣದ ನೀರು ಚೆಲ್ಯಾನ್ರಿ ಅತ್ತಿಗೆಮ್ಮ. ದಿನಾ ಅದ್ರಾಗ ಚೆಲ್ತಿದ್ದ. ಬ್ಯಾಡ ಅಂದ್ರೂ ಕೇಳಲಿಲ್ಲ.”

ಬೇರೆ ಯಾರ ಮನೆಯಲ್ಲಾದರೂ ಈ ಮಾತಿಗೆ ನಕ್ಕುಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ಬಿಳಿ ಹೂವಿನ ತೊಟ್ಟನ್ನು ಬಣ್ಣದ ನೀರಿನಲ್ಲಿ ಅದ್ದಿಟ್ಟು ಬೆಳಗಾಗುವುದರೊಳಗೆ ನೀಲಿ ಮಾಡುವುದನ್ನು ಹೂಮಾಲೆ ಕಟ್ಟುವವರ ಅಂಗಡಿಯಲ್ಲಿ ಕಂಡಿದ್ದೆವು. ನಮ್ಮ ಹಿತ್ತಲಿನ ಮೋರಿಯ ಪಕ್ಕದ ಹುಲ್ಲಿಗೇ ಒಂದೊಂದು ದಿನ ಒಂದೊಂದು ಬಣ್ಣ. ನೂಲು, ಬಟ್ಟೆ, ಚರ್ಮ, ಉಗುರು ಎಲ್ಲಕ್ಕೂ ಬಣ್ಣ ಹತ್ತುವ ಮನೆಯಲ್ಲಿ ಹೂವಿಗೆ ಹತ್ತಲಾರದೇ? ನೇಕಾರನಾದ ನಮ್ಮಣ್ಣ ಅದನ್ನು ನಂಬಿದ. ನಾನು ನಂಬುತ್ತಾರೆಂದು ತಿಳಿದೇ ಹೇಳಿದ್ದೆ.

ಅತ್ತಿಗೆ ಅಲ್ಲೇ ನೆಲಕ್ಕೆ ಕುಳಿತು ಅಳತೊಡಗಿದಳು. ಅವಳ ಹಿಂದೆಯೇ ಬಂದಿದ್ದ ಅಣ್ಣ ಹಿತ್ತಲಿಗೆ ಕೂಗಿದ.

“ಮೂವತ್ತು ವರ್ಷ ಕೆಲಸ ಮಾಡಿ ಒಂದು ಗಡಿಗಿ ಕಾಯಾಕ ಆಗಲಿಲ್ಲೇನು ಮಲ್ಲಯ್ಯಾ? ಹಸಿ ಬಾಣಂತಿ ಅಳಾಕತ್ಯಾಳ ನೋಡು! ಅಕಿ ಅವ್ವನ ಹೂವು ಅದು. ಬಣ್ಣದ ನೀರು ಚೆಲ್ಲಾಕ ನಿನಗ ಬ್ಯಾರೆ ಜಾಗ ಸಿಗಲಿಲ್ಲೇನು?”

ಮಲ್ಲಯ್ಯ ಮಾಮ ಒಳಗೆ ಬಂದ. ಕೈಯೆಲ್ಲ ಕೆಂಪು. “ನನ್ನ ಕೈಯಾಗಿಂದ ಹನಿ ನೆಲಕ್ಕ ಬಿದ್ದದ್ದು ನೀ ಯಾವತ್ತರ ನೋಡೀಯೇನಪ್ಪಾ?” ಎಂದು ಕೇಳಿದ. ಟವೆಲ್ಲಿಗೆ ಕೈ ಒರೆಸಿಕೊಂಡು ಗಡಿಗೆಯ ಹತ್ತಿರ ಹೋದ. ಮಣ್ಣನ್ನು ಒಂದು ಚಿಟಿಕೆ ತೆಗೆದು ಅಂಗೈಗೆ ತಿಕ್ಕಿದ. ಗಡಿಗೆಯ ಅಂಚಿಗೆ ಹೆಬ್ಬೆರಳು ಒತ್ತಿ ಸುತ್ತ ಒರೆಸಿದ, ಬೆಳಕಿಗೆ ಹಿಡಿದು ನೋಡಿದ. ಸುಟ್ಟ ಮಣ್ಣಿನ ಗಡಿಗೆ ಬಣ್ಣವನ್ನು ಹೀರಿಕೊಳ್ಳುತ್ತದೆ. ಒಂದು ಹನಿ ಬಿದ್ದರೂ ಕಲೆ ಅಲ್ಲೇ ನಿಲ್ಲುತ್ತದೆ. ಅದು ಅವನಿಗೆ ಗೊತ್ತಿತ್ತು. ಗಡಿಗೆಯ ಮೇಲೆ ಒಂದು ಚುಕ್ಕೆ ಕಲೆಯೂ ಇರಲಿಲ್ಲ.

ಆಮೇಲೆ ಅವನು ನನ್ನನ್ನು ನೋಡಿದ.

ಅವನಿಗೆ ಗೊತ್ತಾಯಿತು. ನಾನು ಮೊದಲು ಹೇಳಿದ ಎರಡನೆಯವನು ಅವನೇ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಇಷ್ಟು ವರ್ಷ ನನ್ನನ್ನು ಕಾಡುತ್ತಿರಲಿಲ್ಲ. ಗಡಿಗೆಯನ್ನು ಎತ್ತಿ ತೋರಿಸಿ, ‘ಕಲೆ ಎಲ್ಲೈತಿ ತೋರಿಸ್ರಿ’ ಎಂದು ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ನೂಲಿನ ಮನೆಯವರಿಗೆ ಅರ್ಥವಾಗುತ್ತಿತ್ತು. ಅವನು ಕೇಳಲಿಲ್ಲ. ಮದುವೆಯಾಗಬೇಕಾದ ಹುಡುಗಿ ಎಂದುಕೊಂಡನೋ, ಹೆಗಲ ಮೇಲೆ ಹೊತ್ತು ತಿರುಗಿಸಿದ ಕೂಸು ಎಂದುಕೊಂಡನೋ — ಯಾಕೆ ಸುಮ್ಮನಾದ, ನನಗೆ ಇವತ್ತಿಗೂ ತಿಳಿಯದು. ಗಲಾಟೆ ಕೇಳಿ ಬಾಗಿಲಿಗೆ ಬಂದಿದ್ದ ಅಪ್ಪನ ಕಡೆ ತಿರುಗಿ, “ವಯಸ್ಸಾತ್ರಿ. ಕೈ ನಡಗಾಕ ಹತ್ತಿರಬೇಕು. ಇನ್ನ ಸಾಕು ಮಾಡ್ತೀನಿ,” ಎಂದ.

ಹಂಡೆಯಲ್ಲಿದ್ದ ಲಡಿಗಳನ್ನು ಮುಗಿಸಿಯೇ ಹೋದ. ಹಂಡೆ ತೊಳೆದು ಬೋರಲು ಹಾಕಿದ, ನೆಲ ಒರೆಸಿದ. ಅಪ್ಪ ಎಷ್ಟು ಕರೆದರೂ ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಮಲ್ಲಯ್ಯನ ಕೈ ನಡುಗುತ್ತದಂತೆ ಎಂಬ ಮಾತು ಒಂದು ವಾರದಲ್ಲಿ ಪೇಟೆಯೆಲ್ಲ ತಿರುಗಿತು. ಅವನೇ ಆಡಿದ ಮಾತು, ಯಾರು ಅನುಮಾನಿಸುತ್ತಾರೆ? ಬೇರೆ ಮನೆಯವರೂ ಕರೆಯಲಿಲ್ಲ. ವಡ್ಡೆಪಲ್ಲಿಯಲ್ಲಿ ಮಗಳನ್ನು ಕೊಟ್ಟಿದ್ದ. ಅಲ್ಲಿಗೆ ಹೋಗಿ ಮೆಣಸಿನಕಾಯಿ ಹೊಲ ಕಾಯುತ್ತಿದ್ದಾನೆಂದು ಸುದ್ದಿ ಬಂತು. ಬಣ್ಣದ ಕೈ ಹೊಲದ ಬದುವಿನ ಮೇಲೆ ಕೂತಿತು. ಆರು ವರ್ಷಕ್ಕೆ ತೀರಿಕೊಂಡ. ನಾನಾಗ ಮಕ್ತಲ್‌ಗೆ ಮದುವೆಯಾಗಿ ಬಂದಿದ್ದೆ. ಅಣ್ಣ ಅವನನ್ನು ಮಣ್ಣು ಮಾಡುವಲ್ಲಿಗೆ ಹೋಗುವಾಗ ದಾರಿಯಲ್ಲಿ ನನ್ನನ್ನೂ ಕರೆದುಕೊಂಡು ಹೋಗಲು ಬಂದ. ಮಗನಿಗೆ ಜ್ವರ ಎಂದು ಹೇಳಿದೆ. ಮಗ ಹೊರಗೆ ಗೋಲಿ ಆಡುತ್ತಿದ್ದ.

ಇತ್ತ ಅತ್ತಿಗೆ ಆ ಕೆಂಪು ಹೂವನ್ನು ತಾಯಿಯ ಫೋಟೋದ ಮುಂದೆ ಇಡಲಿಲ್ಲ. ಬದುಕಿದಷ್ಟು ಕಾಲ ಬಿಳಿ ಉಟ್ಟವಳ ಮುಂದೆ ಅದನ್ನು ಹೇಗಿಡಲಿ ಎಂದಳು. ಆದರೆ ಗಡ್ಡೆಯನ್ನು ಎಸೆಯಲೂ ಇಲ್ಲ. ಒಳಗೆ ಇನ್ನೂ ಅವ್ವನ ಬಿಳಿ ಹೂವೇ ಇದೆ, ಮೇಲೆ ಬಣ್ಣ ಹತ್ತಿದೆ ಅಷ್ಟೇ ಎಂದು ಅವಳ ನಂಬಿಕೆ. ಬಣ್ಣ ಎಂದಾದರೂ ಬಿಡಲೇಬೇಕಲ್ಲ. ಪ್ರತಿ ವರ್ಷ ದಸರೆಯ ನಂತರ ಗಡ್ಡೆಯನ್ನು ಹೊರತೆಗೆದು ಲಡಿ ಜಾಲಾಡಿಸಿದ ಹಾಗೆ ನೀರಿನಲ್ಲಿ ಜಾಲಾಡಿಸಿ, ಆರಿಸಿ, ಹೊಸ ಮಣ್ಣಿಗೆ ಹಾಕಿ ಮಲಗಿಸುವಳು. ಪ್ರತಿ ಸಂಕ್ರಾಂತಿಗೆ ಅದು ಅಷ್ಟೇ ಕೆಂಪಾಗಿ ಅರಳುವುದು. “ಮಲ್ಲಯ್ಯ ಮಾಮನ ಬಣ್ಣ ನೋಡು, ಹೆಂಗ ಬಿಡ್ತೈತಿ?” ಎನ್ನುವಳು. ಬೈದು ಹೇಳುತ್ತಿರಲಿಲ್ಲ, ಅವಳಿಗೆ ಬೈಯಲು ಬರುವುದಿಲ್ಲ. ಇಪ್ಪತ್ತೈದು ಚಳಿಗಾಲ ನಾನು ಈ ಮಾತು ಕೇಳಿದ್ದೇನೆ. ಒಂದು ಸಲವೂ ಬಾಯಿ ತೆರೆಯಲಿಲ್ಲ.

ಅಪ್ಪ ಅವ್ವ ಹೋದರು. ಅಣ್ಣನೂ ಹೋಗಿ ನಾಲ್ಕು ವರ್ಷವಾಯಿತು. ಅತ್ತಿಗೆ ಈಗ ಗದ್ವಾಲದಲ್ಲಿ ಮಗಳು ಅಳಿಯನ ಜೊತೆ ಇದ್ದಾಳೆ. ಅವರದು ಸೀರೆ ಅಂಗಡಿ, ಮನೆ ತುಂಬ ಜನ, ಯಾವುದಕ್ಕೂ ಕೊರತೆಯಿಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ಬೆಳಕು ಕಾಣುತ್ತದೆ, ಆಕಾರ ಕಾಣುತ್ತದೆ, ಬಣ್ಣ ತಿಳಿಯುವುದಿಲ್ಲ. ದಾರದ ಎಳೆ ನೋಡಿದೊಡನೆ ಇದು ಗಿಳಿ ಹಸಿರು, ಇದು ಎಲೆ ಹಸಿರು ಎಂದು ಬೇರ್ಪಡಿಸುತ್ತಿದ್ದ ಕಣ್ಣು ಅದು.

ಹೋದ ಸಂಕ್ರಾಂತಿಗೆ ನಾನು ಗದ್ವಾಲಕ್ಕೆ ಹೋಗಿದ್ದೆ. ಹೂವು ಅರಳಿತ್ತು. ಅತ್ತಿಗೆ ನನ್ನ ಮಣಿಕಟ್ಟು ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋದಳು — ಆ ದಿನ ಮಗ್ಗದ ಮೂಲೆಗೆ ಕರೆದುಕೊಂಡು ಹೋದ ಹಾಗೆಯೇ.

“ನನಗ ಸರಿ ಕಾಣಂಗಿಲ್ಲ ಸುವರ್ಣಾ. ನೀ ನೋಡಿ ಹೇಳು. ಸ್ವಲ್ಪರ ಬಿಳುಪು ಬಂದೈತೇನು?”

ಬೆಳಗಿನ ಬಿಸಿಲು ಹೂವಿನ ಮೇಲೆ ನೇರವಾಗಿ ಬೀಳುತ್ತಿತ್ತು. ಅಷ್ಟು ಕೆಂಪನ್ನು ನಾನು ಎಂದೂ ನೋಡಿರಲಿಲ್ಲ. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದು ಸಿಗುತ್ತಿರಲಿಲ್ಲ. ನಾನು ಏನೆಂದೆ ಗೊತ್ತೇ?

“ಹೂಂ ಅತ್ತಿಗೆಮ್ಮ. ಅಂಚಿಗೆ ಬೆಳ್ಳಗಾಗೈತ್ರಿ.”

ಅತ್ತಿಗೆಯ ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ನನ್ನತ್ತ ನೋಡಿ ಕಣ್ಣಲ್ಲೇ ನಕ್ಕಳು. ಅತ್ತೆ ಎಷ್ಟು ಒಳ್ಳೆಯವಳು, ಅವ್ವನ ಸಮಾಧಾನಕ್ಕೆ ಹೀಗೆ ಹೇಳಿದಳು ಎಂದು ಅವಳಿಗೆ ಅನಿಸಿರಬೇಕು. ಮತ್ತೊಮ್ಮೆ ನಾನು ಒಳ್ಳೆಯವಳಾದೆ. ಅತ್ತಿಗೆಯ ಮುಖದ ಹಿಗ್ಗನ್ನು ನನ್ನಿಂದ ನೋಡಲಾಗಲಿಲ್ಲ. ಆ ಕೆಂಪು ಹೂವನ್ನು ತಾನೇ ತಡವರಿಸುತ್ತಾ ಒಯ್ದು, ಇಪ್ಪತ್ತೈದು ವರ್ಷದ ನಂತರ, ತಾಯಿಯ ಫೋಟೋದ ಮುಂದೆ ಇಟ್ಟಳು. ಕೈಮುಗಿದಳು. ಆಮೇಲೆ ನನ್ನ ಪಕ್ಕ ಬಂದು ಕುಳಿತು ಹೇಳಿದಳು:

“ಬಿಡಾಕ ಹತ್ತೈತಿ ಅಂದ್ರ ಬರೋ ಸಲ ಪೂರಾ ಬಿಳಿ ಬರ್ತೈತಿ. ಆವಾಗ ಇಬ್ರೂ ವಡ್ಡೆಪಲ್ಲಿಗೆ ಹೋಗೂಣು. ಈ ಗಡ್ಡೀನ ಮಲ್ಲಯ್ಯ ಮಾಮನ ಮಗಳಿಗೆ ಕೊಟ್ಟು ಬರೂಣು. ನಿಮ್ಮಪ್ಪ ಚೆಲ್ಲಿದ ಬಣ್ಣ ಬಿಟ್ಟೈತಿ, ನಾವು ಮನಸ್ಸಿನಾಗ ಏನೂ ಇಟ್ಕೊಂಡಿಲ್ಲ ಅಂತ ಹೇಳೂಣು. ಪಾಪ, ಆ ಮನಿಷ್ಯಾಗ ಬೈದು ಕಳಿಸಿದ್ವಿ. ನನಗ ಅದು ಹಂಗ ಉಳಕೊಂಡೈತಿ.”

ಚೆಲ್ಲದ ಬಣ್ಣಕ್ಕೆ ಅವನನ್ನು ಕ್ಷಮಿಸಿ ಬರಲು ಹೋಗಬೇಕಂತೆ. ಅವನ ಮಗಳ ಮನೆಯ ಬಾಗಿಲಿಗೆ. ನನ್ನ ಜೊತೆ.

ಇದೇ ದಸರೆಯಲ್ಲಿ ಅತ್ತಿಗೆ ಗಡಿಗೆಯನ್ನು ಬಸ್ಸಿನಲ್ಲಿ ಅಳಿಯನ ಕೈಲಿ ನನಗೆ ಕಳಿಸಿದಳು. ಕಣ್ಣು ಕಾಣದೆ ಆರೈಕೆ ಮಾಡಲಾರೆ, ನೀನೇ ಮಲಗಿಸು, ನೀನೇ ಎಬ್ಬಿಸು ಎಂದು ಫೋನಿನಲ್ಲಿ ಹೇಳಿದಳು. “ನಿನ್ನ ಕೈ ಮ್ಯಾಲ ನನಗ ನಂಬಿಕಿ ಐತಿ,” ಎಂದಳು.

ಇನ್ನೂ ಒಂದು ಹೇಳಬೇಕು. ಇದನ್ನು ಹೇಳದಿದ್ದರೆ ಮೇಲಿನದೆಲ್ಲ ಅರ್ಧ. ಗಡ್ಡೆ ಮಲಗಿದ್ದಾಗ ನಾನು ಫೋನಿನಲ್ಲಿ ಹುಡುಕಿದೆ. ಈಗ ಯಾವ ಮುದುಕನನ್ನೂ ನಂಬಬೇಕಾಗಿಲ್ಲ. ಚಿತ್ರ ನೋಡಿ, ಬಣ್ಣ ನೋಡಿ ಆರಿಸಬಹುದು. ಬಿಳಿ ಹೂವು, ಅಂಚಿಗೆ ತೆಳು ಗುಲಾಬಿ ಗೆರೆ — ಸಿಕ್ಕಿತು. ತರಿಸಿದೆ. ಸಣ್ಣ ಪೆಟ್ಟಿಗೆಯಲ್ಲಿ, ಕಾಗದದಲ್ಲಿ ಸುತ್ತಿ ಬಂತು. ಹಳೆಯದನ್ನು ಕಿತ್ತು ಇದನ್ನು ನೆಟ್ಟರೆ ಸಂಕ್ರಾಂತಿಗೆ ನಿಜವಾಗಿಯೂ ಬೆಳ್ಳಗೆ ಅರಳುತ್ತದೆ. ಮಗಳೂ ಅಳಿಯನೂ ನೋಡಿ ಬೆರಗಾಗುತ್ತಾರೆ. ಅತ್ತಿಗೆಯ ಆಸೆ ತೀರುತ್ತದೆ. ಯಾರಿಗೂ ನೋವಿಲ್ಲ. ಗಡಿಗೆಯ ಮಣ್ಣಿಗೆ ಕೈ ಹಾಕಿಯೂ ಹಾಕಿದೆ. ಆಗ ಹೆಬ್ಬೆರಳು ಗಡಿಗೆಯ ಅಂಚಿಗೆ ತಾಕಿತು. ಅದೇ ಹಳೆಯ ಗಡಿಗೆ. ಅವನು ಒರೆಸಿ ನೋಡಿದ ಅಂಚು.

ಕೈ ತೆಗೆದೆ. ಆ ಬಿಳಿಯ ಗಡ್ಡೆ ಇನ್ನೂ ಪೆಟ್ಟಿಗೆಯಲ್ಲೇ ಇದೆ. ಅದನ್ನು ನೆಡುವುದಿಲ್ಲ.

ಇಷ್ಟನ್ನೂ ನಾನು ಕನ್ನಡದಲ್ಲಿ ಬರೆದಿದ್ದೇನೆ. ಅತ್ತಿಗೆ ನಮ್ಮೊಂದಿಗೆ ಕನ್ನಡ ಮಾತಾಡುತ್ತಾಳೆ, ಆದರೆ ಅವಳು ಶಾಲೆಯಲ್ಲಿ ಕಲಿತದ್ದು ತೆಲುಗು. ಕಣ್ಣು ಚೆನ್ನಾಗಿದ್ದಾಗಲೂ ಕನ್ನಡದ ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ಮಲ್ಲಯ್ಯ ಮಾಮನ ಮಗಳಿಗೂ ಬಾರದು. ಯಾರಿಗೆ ಹೇಳಬೇಕೋ ಅವರಿಬ್ಬರೂ ಓದಲಾರದ ಅಕ್ಷರದಲ್ಲಿ ತಪ್ಪೊಪ್ಪಿಕೊಂಡು, ನಿಮ್ಮಂಥ ಗುರುತಿಲ್ಲದವರ ಮುಂದೆ ಹಗುರಾಗಲು ನೋಡಿದೆನೇ? ಬರೆಯಲು ಕೂತಾಗ ಇದು ಹೊಳೆಯಲಿಲ್ಲ. ಮುಗಿಸುತ್ತಾ ಬಂದಾಗ ಹೊಳೆಯಿತು, ನಾಚಿಕೆಯಾಯಿತು. ಈ ಕಾಗದ ಲೆಕ್ಕಕ್ಕಿಲ್ಲ. ಬಾಯಿಂದ ಹೇಳಿದ ಸುಳ್ಳನ್ನು ಬಾಯಿಂದಲೇ ತೆಗೆಯಬೇಕು.

ಗಡ್ಡೆ ಎದ್ದಿದೆ. ದಂಟು ಮೊಳದುದ್ದ ಬೆಳೆದಿದೆ, ಮೊಗ್ಗು ಇನ್ನೂ ಮುಚ್ಚಿದೆ. ಅದು ಬಿರಿಯುವವರೆಗೆ ಕಾಯುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಡುತ್ತೇನೆ. ಜುರಾಲ ಅಣೆಕಟ್ಟೆ ದಾಟಿ, ಧರೂರಿನ ಮೇಲೆ ಗದ್ವಾಲ. ಅತ್ತಿಗೆಯ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ಹೇಳುತ್ತೇನೆ. ಆಮೇಲೆ ವಡ್ಡೆಪಲ್ಲಿ — ಅತ್ತಿಗೆ ಬಂದರೆ ಅವಳ ಜೊತೆ, ನನ್ನ ಮುಖ ನೋಡುವುದಿಲ್ಲ ಎಂದರೆ ಒಬ್ಬಳೇ. ಅಲ್ಲಿ ಕ್ಷಮಿಸಲು ಹೋಗುತ್ತಿಲ್ಲ. ಕ್ಷಮೆ ಕೇಳುವ ಮುಖವೂ ನನಗಿಲ್ಲ. ಅವಳ ಅಪ್ಪನ ಕೈ ನಡುಗುತ್ತಿರಲಿಲ್ಲ ಎಂದು ಆ ಹೆಣ್ಣುಮಗಳಿಗೆ ಹೇಳಬೇಕಾಗಿದೆ.

ಮಾತು ಎಲ್ಲಿಂದ ಶುರು ಮಾಡಲಿ ಎಂದು ಮೂರು ದಿನದಿಂದ ಒಬ್ಬಳೇ ಬಾಯಿಪಾಠ ಮಾಡುತ್ತಿದ್ದೇನೆ. ನೀರಿನಿಂದ ಶುರು ಮಾಡಿದರೆ ನನ್ನ ಸಿಟ್ಟಿನ ಕತೆಯಾಗುತ್ತದೆ, ಸಿಟ್ಟಿನಿಂದ ಶುರು ಮಾಡಿದರೆ ಗುಂಡುಮಾಲಿನ ಕತೆ. ಎರಡೂ ಬೇಡ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಗಡಿಗೆಯನ್ನು ಅತ್ತಿಗೆಯ ಕೈಗೆ ಕೊಟ್ಟು, ಅಂಚನ್ನು ಮುಟ್ಟಿಸಿ, ಮೊದಲ ಮಾತು ಇಷ್ಟೇ ಹೇಳುತ್ತೇನೆ:

“ಅತ್ತಿಗೆಮ್ಮ, ಮಲ್ಲಯ್ಯ ಮಾಮ ಒಂದು ಹನೀನೂ ಚೆಲ್ಲಿರಲಿಲ್ರಿ.”